ಎತ್ತಿಟ್ಟ ಹೋಳು

ಹನ್ನೆರಡು ವರ್ಷ ಮಣ್ಣು ಕೆದಕಿದವನಿಗೆ ಸಿಗದದ್ದು, ಗಣಪತಿ ಹಬ್ಬದ ಕಾಯಿ ಹೋಳೊಂದನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಮರೆತ ಹೆಂಗಸಿಗೆ ಸಿಕ್ಕಿತು. ಸುದರ್ಶನನ ಹೊಟ್ಟೆ ಉರಿದದ್ದು ಇದಕ್ಕೆ. ಉಳಿದದ್ದೆಲ್ಲ ಆಮೇಲೆ ಅವನು ಹೊಂದಿಸಿಕೊಂಡ ನೆಪ.

ಹೊಸ ಆಂಟಿಬಯೋಟಿಕ್ ಹುಡುಕುವುದೇ ಅವನ ಉದ್ಯೋಗ. ಪೆನಿಸಿಲಿನ್ ಬೂಷ್ಟಿನಿಂದ ಬಂದದ್ದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಈಗಿನ ರೋಗಾಣುಗಳು ಪೆನಿಸಿಲಿನ್ನನ್ನೂ ಅದರ ಮಕ್ಕಳು ಮೊಮ್ಮಕ್ಕಳನ್ನೂ ಜೀರ್ಣಿಸಿಕೊಂಡು ಕುಳಿತಿವೆ. ಅವನ್ನು ಕೊಲ್ಲುವ ಇನ್ನೊಂದು ಬೂಷ್ಟು ಎಲ್ಲಾದರೂ ಇದ್ದೀತು ಎಂದು ಸುದರ್ಶನ ಕಾಡಿನ ಮಣ್ಣು, ಹೊಲದ ಮಣ್ಣು, ಸಮುದ್ರದಂಚಿನ ಕೆಸರು ಎಲ್ಲವನ್ನೂ ಸಿಡ್ನಿಯ ತನ್ನ ಲ್ಯಾಬಿಗೆ ಹೊತ್ತು ತಂದಿದ್ದ. ಒಂದೂ ಕೈ ಹಿಡಿಯಲಿಲ್ಲ.

ಅನಸೂಯಾ ಅದೇ ಲ್ಯಾಬಿನವರು. ಮೈಸೂರಿನವರು, ಅವನಿಗಿಂತ ಹತ್ತು ವರ್ಷ ದೊಡ್ಡವರು. ಅವನು ಪ್ರಣತಿಯನ್ನು ಕಟ್ಟಿಕೊಂಡು ಎರಡು ಸೂಟ್‌ಕೇಸ್ ಹಿಡಿದು ಬಂದಿಳಿದಾಗ ಸಿಡ್ನಿಯದೇ ಬಡಾವಣೆಯಾದ ಲಿವರ್‌ಪೂಲಿನ ತಮ್ಮ ಮನೆಯ ಹಿಂದಿನ ರೂಮು ಬಿಟ್ಟುಕೊಟ್ಟು, ಇನ್ನೊಂದು ಬಡಾವಣೆ ಗಿರಾವೀನ್‌ನಲ್ಲಿ ಬಾಡಿಗೆ ಮನೆ ಸಿಗುವವರೆಗೆ ಊಟ ಹಾಕಿದವರು. ಅವನು ಅವರನ್ನು ಅಕ್ಕ ಎನ್ನುತ್ತಿದ್ದ. ಅವರ ಗಂಡ ಬದರಿನಾಥರನ್ನು ಭಾವ ಎನ್ನುತ್ತಿದ್ದ. ಬಾಯಿಮಾತಿಗೆ ಅಂದದ್ದಲ್ಲ. ಅದೇ ಈಗ ಕುತ್ತಿಗೆಗೆ ಬಂದಿರುವುದು.

ಆ ಸೆಪ್ಟೆಂಬರಿನಲ್ಲಿ ಅಕ್ಕ ಅವನನ್ನು ತಮ್ಮ ಮೇಜಿನ ಹತ್ತಿರ ಕರೆದು ಗಾಜಿನ ತಟ್ಟೆಯೊಂದನ್ನು ತೋರಿಸಿದರು. ತಟ್ಟೆಯ ತುಂಬ ರೋಗಾಣು ಹಬ್ಬಿತ್ತು. ನಡುವೆ ಹಸಿರು ಬೂಷ್ಟಿನ ಒಂದು ಬೊಟ್ಟು. ಬೊಟ್ಟಿನ ಸುತ್ತ ಮಾತ್ರ ಏನೂ ಇರಲಿಲ್ಲ, ತೊಳೆದಿಟ್ಟ ಹಾಗೆ ಖಾಲಿ. ಯಾವ ಔಷಧಕ್ಕೂ ಜಗ್ಗದ ರೋಗಾಣು ಅಲ್ಲಿ ಸತ್ತುಬಿದ್ದಿತ್ತು.

"ಹಬ್ಬದ ಕಾಯಿ ಕಣೋ. ಎತ್ತಿಟ್ಟು ಮರ್ತೇಬಿಟ್ಟಿದ್ದೆ. ಪ್ರಸಾದ ಅಲ್ವಾ, ಬಿನ್‌ಗೆ ಹಾಕೋಕೆ ಮನಸ್ಸು ಬರ್ಲಿಲ್ಲ, ಸುಮ್ನೆ ಟೆಸ್ಟ್ ಮಾಡೋಣ ಅಂತ ತಂದೆ. ನಿಂಗೇ ಮೊದ್ಲು ತೋರಿಸ್ತಿರೋದು," ಎಂದರು. ಅವರ ಕಣ್ಣಲ್ಲಿ ನೀರಿತ್ತು.

"ಕಂಗ್ರಾಟ್ಸ್ ಅಕ್ಕ," ಎಂದ ಸುದರ್ಶನ. ಆ ಒಂದು ಮಾತು ಹೇಳುವಷ್ಟರಲ್ಲಿ ಅವನೊಳಗೆ ಕಳ್ಳ ಹುಟ್ಟಿಯಾಗಿತ್ತು.

ಅಕ್ಕ ದಸರೆಗೆಂದು ಮೈಸೂರಿಗೆ ಹೊರಟಿದ್ದರು. ಬಂದ ಮೇಲೆ ಎಲ್ಲರ ಮುಂದೆ ತೋರಿಸುವುದಾಗಿ ಬಾಸ್‌ಗೆ ಸುಳಿವು ಕೊಟ್ಟರು, ತಟ್ಟೆಗಳನ್ನು ಸುದರ್ಶನನ ಕೈಗೆ ಒಪ್ಪಿಸಿ ವಿಮಾನ ಹತ್ತಿದರು. ಬೆಕ್ಕಿಗೆ ಹಾಲು ಒಪ್ಪಿಸಿದ ಹಾಗಾಯಿತು.

ಅವನು ಅವಸರ ಮಾಡಲಿಲ್ಲ. ಕದ್ದು ಸಿಕ್ಕಿಬೀಳುವವರೆಲ್ಲ ಅವಸರದವರು ಎಂಬುದು ಅವನ ನಂಬಿಕೆ. ಮೊದಲು ಬೂಷ್ಟಿನ ಒಂದು ಚೂರನ್ನು ಸೂಜಿಯ ಮೊನೆಯಲ್ಲಿ ಎತ್ತಿ ತನ್ನ ಟ್ಯೂಬಿಗೆ ಇಳಿಸಿದ. ಟ್ಯೂಬಿನ ಮೇಲೆ ತನ್ನ ಕೈಯಾರೆ ಅಂದಿನ ತಾರೀಕನ್ನೇ ಬರೆದ. ಮುಂದೆ ಯಾರಾದರೂ ಅನುಮಾನಪಟ್ಟು ಪರೀಕ್ಷೆಗೆ ಕಳಿಸಿದರೆ ಶಾಯಿಯ ವಯಸ್ಸು ಕೂಡ ಅವನ ಪರವಾಗಿಯೇ ಸಾಕ್ಷಿ ಹೇಳಬೇಕು. ಆಮೇಲೆ ಹಳೇ ಬ್ರೆಡ್ಡಿನ ಮೇಲೆ ಬೆಳೆದ, ನೋಡಲು ಹಾಗೇ ಹಸಿರಾದ, ಯಾವ ಕೆಲಸಕ್ಕೂ ಬಾರದ ಬೂಷ್ಟನ್ನು ತಂದು ಅಕ್ಕನ ತಟ್ಟೆಗಳಲ್ಲಿ ಬೆಳೆಸಿದ. ಅಸಲಿಯನ್ನು ಸುಟ್ಟ. ಎಲ್ಲವೂ ಹಾಡುಹಗಲೇ, ಸಹೋದ್ಯೋಗಿಗಳು ಪಕ್ಕದಲ್ಲಿ ಕಾಫಿ ಹಿಡಿದು ಫುಟಿ ಮ್ಯಾಚಿನ ಮಾತಾಡುತ್ತಿದ್ದಾಗಲೇ ನಡೆಯಿತು. ಕೈ ನಡುಗಲಿಲ್ಲ. ನಡುಗದೇ ಇದ್ದದ್ದಕ್ಕೇ ಆ ಸಂಜೆ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ದಸರೆ ಮುಗಿಸಿ ಬಂದ ಅಕ್ಕ ಬಾಸ್ ಮುಂದೆ ಪ್ರಯೋಗ ಮಾಡಿ ತೋರಿಸಿದರು. ಏನೂ ಆಗಲಿಲ್ಲ. ಮತ್ತೆ ಮಾಡಿದರು, ಮತ್ತೂ ಮಾಡಿದರು. ರೋಗಾಣು ಬೂಷ್ಟಿನ ಮೈಮೇಲೇ ಹಬ್ಬಿ ಕೂತಿತು. ಮೊದಲ ತಟ್ಟೆಯ ಫೋಟೋ ಅವರ ಫೋನಿನಲ್ಲಿತ್ತು, ನಿಜ. ಅದಕ್ಕೂ ಸುದರ್ಶನನ ಹತ್ತಿರ ಉತ್ತರ ತಯಾರಿತ್ತು.

"ಕಾಯಿಗೆ ಅರಿಸಿನ ಹಚ್ಚಿದ್ರಲ್ಲ ಅಕ್ಕ, ಆ ಎಫೆಕ್ಟ್ ಇರ್ಬೇಕು," ಎಂದ, ಪಾಪ ಎನ್ನುವ ದನಿಯಲ್ಲಿ.

ಅಕ್ಕ ಅದನ್ನು ನಂಬಿದರು. "ಹೌದಲ್ವೇನೋ, ಇಷ್ಟು ಸಿಂಪಲ್ ವಿಷ್ಯ ನಂಗೆ ಹೊಳೀಲಿಲ್ಲ ನೋಡು," ಎಂದು ನಗಲು ನೋಡಿದರು, ಆಗಲಿಲ್ಲ. ಲ್ಯಾಬಿನಲ್ಲಿ ಕೆಲವು ದಿನ ಅರಿಸಿನದ ಜೋಕು ಓಡಾಡಿತು. ವರ್ಷದ ಕೊನೆಗೆ ಅವರ ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ. ಅವರು ರಕ್ತ ಪರೀಕ್ಷೆಯ ಕಲೆಕ್ಷನ್ ಸೆಂಟರೊಂದರಲ್ಲಿ ಜನರ ತೋಳಿಗೆ ಸೂಜಿ ಚುಚ್ಚುವ ಕೆಲಸಕ್ಕೆ ಸೇರಿದರು. ಆ ದಿನ ಅವರ ಡಬ್ಬ, ಮಗ್ಗು, ಗಿಡದ ಕುಂಡಗಳನ್ನು ಕಾರಿನವರೆಗೆ ಹೊತ್ತುಕೊಟ್ಟವನು ಸುದರ್ಶನನೇ.

ಅವನು ಕಾದ. ಟ್ಯೂಬು ಲ್ಯಾಬಿನ ಫ್ರೀಜರಿನಲ್ಲಿ ಅವನ ಮಣ್ಣಿನ ಟ್ಯೂಬುಗಳ ನಡುವೆ ನಿದ್ದೆ ಹೊಡೆಯಿತು. ಮೆಲ್ಬರ್ನಿನಲ್ಲಿ ಹೊಸ ಕೆಲಸ ಸಿಕ್ಕಿ ಅಲ್ಲಿನ ವೆರಿಬೀಯಲ್ಲಿ ಮನೆ ಮಾಡಿದ ಮೇಲೆ, ಹಳೆಯ ಸ್ಯಾಂಪಲ್‌ಗಳನ್ನೆಲ್ಲ ಕಾಗದಪತ್ರ ಸಮೇತ ತರಿಸಿಕೊಂಡು ಒಂದೊಂದಾಗಿ ಪರೀಕ್ಷಿಸುವ ನಾಟಕ ಆಡಿದ. ಅವುಗಳಲ್ಲಿ ಒಂದು ತಾನಾಗಿಯೇ ಹೊಳೆಯಿತು.

ಈಗ ಬೇಕಾದದ್ದು ಹುಟ್ಟಿನ ಕತೆ. ಬೂಷ್ಟು ಎಲ್ಲಿ ಸಿಕ್ಕಿತು ಎಂದು ಪೇಟೆಂಟಿನವರು ಕೇಳಿಯೇ ಕೇಳುತ್ತಾರೆ. ಕಾಡು, ಹೊಲ ಎಂದರೆ ಪರ್ಮಿಟ್ ತೋರಿಸಬೇಕು, ಜತೆಗೆ ಬಂದವರ ಹೆಸರು ಹೇಳಬೇಕು. ಅಡುಗೆಮನೆಗೆ ಪರ್ಮಿಟ್ ಇಲ್ಲ. ಸುದರ್ಶನ ನಿಜವನ್ನೇ ಬರೆದ, ಮನೆಯನ್ನು ಮಾತ್ರ ಬದಲಿಸಿದ. ಗಣೇಶನ ಹಬ್ಬದಲ್ಲಿ ದೇವರ ಮುಂದೆ ಒಡೆದ ತೆಂಗಿನಕಾಯಿ, ಗಿರಾವೀನ್‌ನ ತನ್ನ ಮನೆ, ಇಂಥ ವರ್ಷ. ಟ್ಯೂಬಿನ ತಾರೀಕಿಗೂ ಹಬ್ಬಕ್ಕೂ ತಾಳೆಯಾಯಿತು. ಆ ವರ್ಷದ ಹಬ್ಬದ ದಿನ ತಾನು ಎಲ್ಲಿದ್ದೆ ಎಂದು ಒಮ್ಮೆ ಯೋಚಿಸಿದ. ಲ್ಯಾಬಿನಲ್ಲಿದ್ದ ನೆನಪು. ಅದರಲ್ಲೇನೂ ಹೊಸದಿರಲಿಲ್ಲ. ಮನೆಯ ಪೂಜೆ ಪುನಸ್ಕಾರ ಪ್ರಣತಿಯ ಇಲಾಖೆ, ಮಂಗಳಾರತಿಯ ಹೊತ್ತಿಗೆ ಮನೆ ಸೇರಿ ಕಡುಬು ತಿಂದರೆ ಅವನ ಹಬ್ಬ ಮುಗಿಯುತ್ತಿತ್ತು. ಪ್ರಮಾಣಪತ್ರಕ್ಕೆ ಸಹಿ ಹಾಕಿದ.

ಇನ್ನು ಅಕ್ಕ. ಅವರ ಹಳೇ ಡಬ್ಬಿಯ ಯಾವುದೋ ಮೂಲೆಯಲ್ಲಿ ಅಸಲಿ ಬೂಷ್ಟು ಉಳಿದು, ಅದೂ ಇದೂ ಒಂದೇ ಎಂದಾದರೆ? ಈ ಪ್ರಶ್ನೆಗೆ ಅವನು ಕಂಡುಕೊಂಡ ಉತ್ತರ ಎಷ್ಟು ಚೆನ್ನಾಗಿತ್ತೆಂದರೆ ಅವನಿಗೇ ಹೆದರಿಕೆಯಾಯಿತು. ಎರಡೂ ಮನೆಯವರು ಕಾಯಿ ತರುವುದು ಗಿರಾವೀನ್‌ನ ಒಂದೇ ಇಂಡಿಯನ್ ಅಂಗಡಿಯಿಂದ. ಒಂದೇ ಮೂಟೆಯ ಕಾಯಿ, ಒಂದೇ ಬೂಷ್ಟು, ಅದರಲ್ಲೇನು ಸೋಜಿಗ? ಅವನೇ ಫೋನ್ ಮಾಡಿ ಹೇಳಿದ: "ನಿಮ್ಮ ಕಾಯಿ ನೋಡಿದ್ಮೇಲೇನೇ ಅಕ್ಕ, ನಮ್ಮನೆ ಕಾಯೀನೂ ಒಂದು ಟ್ಯೂಬಲ್ಲಿ ಹಾಕಿಟ್ಟಿದ್ದೆ. ಇನ್ಸ್ಪಿರೇಷನ್ ನಿಮ್ದೇ." ಬೂಷ್ಟಿನ ಬಗ್ಗೆ ತಾನು ಬರೆದ ಲೇಖನದ ಕೊನೆಯಲ್ಲಿ ಅವರಿಗೆ ಕೃತಜ್ಞತೆಯನ್ನೂ ಅಚ್ಚು ಹಾಕಿಸಿದ. ಕದ್ದ ಮನೆಗೇ ಬಾಗಿನ ಕಳಿಸಿದಂತಾಯಿತು.

"ನನ್ ಕಾಯಲ್ಲಿ ಬರೀ ಬೂಷ್ಟು, ನಿನ್ ಕಾಯಲ್ಲಿ ಬಂಗಾರ. ಇರ್ಲಿ ಬಿಡು, ಒಬ್ರಿಗಾದ್ರೂ ಸಿಕ್ತಲ್ಲ," ಎಂದರು ಅಕ್ಕ. ದನಿಯಲ್ಲಿ ಎಳ್ಳಷ್ಟೂ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಅವನು ನೆಮ್ಮದಿಯಾಗಿ ಇರುತ್ತಿದ್ದ.

ಅಲ್ಲಿಂದ ಅವನ ಏಳಿಗೆ ಶುರುವಾಯಿತು, ಸಂಕಟವೂ. ಇಲಿಗಳು ಬದುಕಿದವು, ಮನುಷ್ಯರ ಮೇಲಿನ ಪ್ರಯೋಗಕ್ಕೆ ಅನುಮತಿ ಸಿಕ್ಕಿತು. ಅವನಿಗೆ ಮಾತ್ರ ಕಾಯಿಚಟ್ನಿ ಗಂಟಲಲ್ಲಿ ಇಳಿಯದಾಯಿತು. ಕೊಲೆಸ್ಟ್ರಾಲ್ ಎಂದ. ಪ್ರಣತಿ ನಕ್ಕು, ಅವನಿಗೊಬ್ಬನಿಗೆ ಟೊಮೆಟೊ ಚಟ್ನಿ ಮಾಡಿದಳು. ಎಷ್ಟೋ ಸಲ ಅಕ್ಕನಿಗೆ ಎಲ್ಲ ಹೇಳಿಬಿಡೋಣವೆಂದು ಫೋನ್ ಕೈಗೆತ್ತಿಕೊಂಡ. ಹೇಳಿದರೆ ಪೇಟೆಂಟ್ ಬೀಳುತ್ತದೆ, ಪ್ರಯೋಗ ನಿಲ್ಲುತ್ತದೆ, ರೋಗಿಗಳು ಸಾಯುತ್ತಾರೆ ಎಂದು ತನಗೆ ತಾನೇ ವಾದಿಸಿ ಫೋನ್ ಕೆಳಗಿಟ್ಟ. ರೋಗಿಗಳ ಮೇಲೆ ಅವನಿಗಿದ್ದ ಕಾಳಜಿ ನಿಜವೇ. ಆದರೆ ಅದು ಸರಿಯಾಗಿ ಆ ಕ್ಷಣಕ್ಕೇ ಉಕ್ಕಿ ಬರುತ್ತಿತ್ತು.

ಹೀಗೆ ಏಳನೆಯ ವರ್ಷ ಬದರಿನಾಥರ ಕಾಲಿಗೆ ಹುಣ್ಣಾಯಿತು. ಸಕ್ಕರೆ ಕಾಯಿಲೆಯ ಕಾಲು, ಹತ್ತಿದ ರೋಗಾಣು ಯಾವ ಔಷಧಕ್ಕೂ ಬಗ್ಗಲಿಲ್ಲ. ಮಂಡಿಯ ಕೆಳಗೆ ಕತ್ತರಿಸುವುದೊಂದೇ ದಾರಿ ಎಂದರು ಡಾಕ್ಟರು. ಆಗ ಅಕ್ಕ ಅವನಿಗೆ ಫೋನ್ ಮಾಡಿ ಅತ್ತರು. ಸುದರ್ಶನ ಯಾರ್ಯಾರ ಕಾಲೋ ಹಿಡಿದು ಬದರಿನಾಥರ ಹೆಸರನ್ನು ಪ್ರಯೋಗಕ್ಕೆ ಸೇರಿಸಿದ. ಕಾಲು ಉಳಿಯಿತು. ಅಕ್ಕ ಮತ್ತೆ ಫೋನ್ ಮಾಡಿ ಅತ್ತರು: "ನಿನ್ ಋಣ ಹೇಗ್ ತೀರಿಸ್ಲೋ?" ಅವನು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು, ಮಕ್ಕಳಂತೆ ಬಿಕ್ಕಿದ. ಅವರದೇ ಬೂಷ್ಟು ಅವರದೇ ಗಂಡನ ಕಾಲು ಉಳಿಸಿತ್ತು, ಅವರು ಕಳ್ಳನಿಗೆ ಕೈ ಮುಗಿಯುತ್ತಿದ್ದರು.

ಅಕ್ಕ ಊಟಕ್ಕೆ ಕರೆದರು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಮಗಳು ಆದ್ಯಾಗೆ ನೆಟ್‌ಬಾಲ್ ಮ್ಯಾಚ್ ಇದ್ದದ್ದರಿಂದ ಅವಳನ್ನು ಗೆಳತಿಯ ಮನೆಯಲ್ಲಿ ಬಿಟ್ಟು, ಗಂಡಹೆಂಡತಿ ಮೆಲ್ಬರ್ನಿನಿಂದ ಶನಿವಾರದ ಮೊದಲ ವಿಮಾನ ಹಿಡಿದರು. ಲಿವರ್‌ಪೂಲಿನ ಆ ಮನೆಯಲ್ಲಿ ಅಮೂಲ್ಯಾ ಎಂಬ ಹುಡುಗಿಯೂ ಕುಳಿತಿದ್ದಳು. ಸಿಡ್ನಿಯ ಕನ್ನಡ ರೇಡಿಯೋದಲ್ಲಿ ಭಾನುವಾರದ ಕಾರ್ಯಕ್ರಮ ನಡೆಸುವವಳು. ಔಷಧ ಕಂಡುಹಿಡಿದವರು, ಅದರಿಂದ ಬದುಕಿದವರು ಒಂದೇ ಸೂರಿನಡಿ ಸಿಕ್ಕರೆ ಬಿಡುತ್ತಾಳೆಯೇ?

ಸುದರ್ಶನ ಹೆದರಲಿಲ್ಲ. ಈ ಕತೆಯನ್ನು ಅವನು ವಕೀಲರ ಮುಂದೆ, ಪಂಡಿತರ ಮುಂದೆ ಇಂಗ್ಲಿಷಿನಲ್ಲಿ ಎಷ್ಟೋ ಸಲ ಹೇಳಿದ್ದ, ಯಾರಿಗೂ ಒಂದು ಕೂದಲು ಕೀಳಲಾಗಿರಲಿಲ್ಲ. ಕನ್ನಡದಲ್ಲಿ, ಮನೆಯವರ ಮುಂದೆ, ಪೂರ್ತಿ ಹೇಳುತ್ತಿದ್ದುದು ಇದೇ ಮೊದಲು. ಬದರಿನಾಥರು ಸ್ಟೂಲಿನ ಮೇಲೆ ಕಾಲಿಟ್ಟು, ಬಂದವರಿಗೆಲ್ಲ ಬೆರಳು ಆಡಿಸಿ ತೋರಿಸುತ್ತಿದ್ದರು. ಪ್ರಣತಿ ಕೋಸಂಬರಿ ಬಡಿಸುತ್ತಿದ್ದಳು. ಅಮೂಲ್ಯಾ ಫೋನನ್ನು ಮೇಜಿನ ಮೇಲಿಟ್ಟು ರೆಕಾರ್ಡ್ ಒತ್ತಿದಳು.

"ಸರ್, ಆ ದಿನ ಹೇಗಿತ್ತು ಅಂತ ನಮ್ಮ ಕೇಳುಗರಿಗೆ ಹೇಳಿ."

ಅವನು ಹೇಳಿದ. ಗಿರಾವೀನ್‌ನ ಪುಟ್ಟ ಬಾಡಿಗೆ ಮನೆ, ಮಣ್ಣಿನ ಗಣಪ, ಗರಿಕೆ, ಕಡುಬಿನ ಹಬೆ, ದೇವರ ಮುಂದೆ ತಾನೇ ಕೈಯಾರೆ ಒಡೆದ ಕಾಯಿ. ಹೇಳುತ್ತಾ ಹೇಳುತ್ತಾ ಅವನಿಗೂ ಅದೆಲ್ಲ ಕಣ್ಣಿಗೆ ಕಟ್ಟಿತು. "ಗಣಪತೀನೇ ಕೊಟ್ಟ ಔಷಧ ಇದು," ಎಂದು ಮುಗಿಸಿದ. ಅಮೂಲ್ಯಾಳ ಕಣ್ಣು ತುಂಬಿತು.

"ಯಾವ ವರ್ಷ ಸರ್ ಅದು?"

"ಎರಡು ಸಾವಿರದ ಹದಿನೆಂಟು. ನಮ್ಮ ಆದ್ಯಾಗೆ ಆಗ ಮೂರು ವರ್ಷ." ಪೇಟೆಂಟಿನಲ್ಲಿ, ಪ್ರಮಾಣಪತ್ರದಲ್ಲಿ, ಟ್ಯೂಬಿನ ಮೇಲೆ, ಎಲ್ಲೆಲ್ಲೂ ಇದ್ದ ವರ್ಷ.

ಪ್ರಣತಿಯ ಕೈ ಬಟ್ಟಲ ಮೇಲೇ ನಿಂತಿತು. "ಹದಿನೆಂಟರಲ್ಲಿ ನಾವು ಹಬ್ಬಾನೇ ಮಾಡ್ಲಿಲ್ವಲ್ರೀ? ಊರಲ್ಲಿ ನಿಮ್ಮ ದಾಯಾದಿ ಯಾರೋ ತೀರ್ಕೊಂಡು ಅತ್ತೆ ಫೋನ್ ಮಾಡಿದ್ರಲ್ಲ, ಹತ್ತು ದಿನ ಸೂತಕ, ದೇವರ ದೀಪಾನೂ ಹಚ್ಬೇಡಿ ಅಂತ. ನೀವು ಹಾಯಾಗಿ ಲ್ಯಾಬ್‌ಗೆ ಹೋದ್ರಿ," ಎಂದಳು, ಅವನ ಮರೆವನ್ನು ತಿದ್ದುವವಳ ಹಾಗೆ. ಅನಸೂಯಾ ನಕ್ಕರು. "ಅಯ್ಯೋ, ನಂಗೆ ಚೆನ್ನಾಗಿ ನೆನಪಿದೆ ಕಣೇ. ಮಗು ಕಾಯಿ ಬೆಲ್ಲ ಬೇಕು ಅಂತ ಹಟ ಹಿಡಿದು ಅಳ್ತಿದ್ದಾಳೆ ಅಂತ ನೀನು ಫೋನ್ ಮಾಡಿದ್ದೆ. ಸೂತಕದಲ್ಲಿ ಪ್ರಸಾದ ಕೊಡೋ ಹಾಗಿಲ್ಲ, ಕಳೀಲಿ ಅಂತ ಆದ್ಯಾ ಪಾಲಿನ ಹೋಳು ನಾನೇ ಸ್ಟೀಲ್ ಡಬ್ಬೀಲಿ ಎತ್ತಿಟ್ಟು..." ಅವರ ನಗು ಅಲ್ಲಿಗೇ ನಿಂತಿತು. ಆ ಹೋಳನ್ನು ಯಾರಿಗಾಗಿ ಎತ್ತಿಟ್ಟಿದ್ದಿರಿ ಎಂದು ಈ ಏಳು ವರ್ಷದಲ್ಲಿ ಸುದರ್ಶನ ಒಮ್ಮೆಯೂ ಕೇಳಿರಲಿಲ್ಲ. ಅಕ್ಕ ಅವನ ಮುಖವನ್ನು ನೋಡಿದರು, ಆಮೇಲೆ ಗಂಡನ ಕಾಲನ್ನು ನೋಡಿದರು, ಮತ್ತೆ ಅವನ ಮುಖವನ್ನು ನೋಡಿದರು. ಮೇಜಿನ ಮೇಲೆ ಅಮೂಲ್ಯಾಳ ಫೋನು ಇನ್ನೂ ರೆಕಾರ್ಡ್ ಮಾಡುತ್ತಲೇ ಇತ್ತು.