ಯಾರದು ಎಂದು ಕೇಳಿದವನು

“ಬ್ಯಾಡ ಕಣಪ್ಪ. ಯಾರದು ಯಾರದು ಅಂತ ಊರಿಗೆಲ್ಲ ಕೂಗಬ್ಯಾಡಿ. ಕೂಗ್ದೋರ ಮನೇಗೇ ಬತ್ತದೆ.”

ಅಳಿಯನ ಮೊಬೈಲಿನಲ್ಲಿ ಉಡುದಾರದ ಫೋಟೋ ನೋಡಿದ ಕೆಂಪಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಮಗಳು ಹರ್ಷಿತಾಳ ಬಾಣಂತನಕ್ಕೆಂದು ಮಳವಳ್ಳಿ ಕಡೆಯಿಂದ ಮೆಲ್ಬರ್ನಿನ ಕ್ರೇಗಿಬರ್ನ್‌ಗೆ ಬಂದಿದ್ದಳು.

ಅಳಿಯ ಯತೀಶ್ ನಕ್ಕ. “ಅತ್ತೆ, ಯಾರದು ಅಂತ ಕೇಳೋದಕ್ಕೇ ನಂಗೆ ಸಂಬಳ ಕೊಡೋದು.”

ವಾರಸುದಾರರು ಸಿಗದ ಆಸ್ತಿಗಳನ್ನು ನೋಡಿಕೊಳ್ಳುವ ಕಚೇರಿಗೆ ಅವನು ಹೊಸದಾಗಿ ಸೇರಿದ ವಕೀಲ. ಅನಸೂಯಾ ಎಂಬ ಒಂಟಿ ಹೆಂಗಸು ಸತ್ತ ಮೇಲೆ ಅವಳ ಬ್ಯಾಂಕ್ ಲಾಕರಿನಲ್ಲಿ ಸಿಕ್ಕಿದ್ದು ಇದೊಂದೇ: ಕೂಸಿನ ಬೆಳ್ಳಿಯ ಉಡುದಾರ. ಮೈಗೆಲ್ಲ ಕಪ್ಪು ದಾರ ಸುತ್ತಿತ್ತು, ಗಂಟುಗಂಟಿನಲ್ಲೂ ಕೂದಲು. ಸೀದ ಮೆಣಸಿನಕಾಯಿಯ ಘಾಟು ಗಂಟಲಿಗೆ ಅಡರಿತ್ತು. ಅದನ್ನು ಕಚೇರಿಯ ಕಪಾಟಿನಲ್ಲಿಟ್ಟು ಬೀಗ ಹಾಕಿ, ವಾರಸುದಾರರು ಬರಬೇಕೆಂದು ಯತೀಶ್ ಪತ್ರಿಕೆಗಳಿಗೆ ಪ್ರಕಟಣೆ ಕೊಟ್ಟ.

ಪ್ರಕಟಣೆ ಬಂದ ದಿನವೇ ಹರ್ಷಿತಾಳ ಕೂಸು ಮೊಲೆ ಬಿಟ್ಟಿತು. ಡಾಕ್ಟರು ಏನೂ ಇಲ್ಲವೆಂದರು. ಹೀಟರ್ ಉರಿಯುತ್ತಿದ್ದರೂ ಮೈ ತಣ್ಣಗೆ. ಅಳು ಸಣ್ಣದಾಗುತ್ತ ಆಗುತ್ತ ಬಾವಿಯ ತಳದಿಂದ ಬಂದಂತೆ ಕೇಳತೊಡಗಿತು. ಸೊಂಟದ ಸುತ್ತ ಕೆಂಪು ಗೆರೆ. “ನ್ಯಾಪಿ ಬಿಗಿಯಾಗಿದೆ ಅಷ್ಟೇ,” ಎಂದ ಯತೀಶ್. ಮರುದಿನ ಗೆರೆ ಕಪ್ಪಾಗಿತ್ತು. ಕೋಣೆಯಲ್ಲಿ ಅದೇ ಘಾಟು. ಕೆಂಪಮ್ಮ ಸಾಂಬ್ರಾಣಿ ಹಾಕಿದಾಗೆಲ್ಲ ಬಡಿದುಕೊಳ್ಳುವ ಸ್ಮೋಕ್ ಅಲಾರ್ಮ್ ಇದಕ್ಕೆ ಬಾಯಿ ಬಿಡಲಿಲ್ಲ.

ಜೂನ್ ತಿಂಗಳು, ಮೆಲ್ಬರ್ನಿನ ಚಳಿಗಾಲ. ಸಂಜೆ ಐದೂವರೆಗೇ ಕತ್ತಲು ಕವಿದಿತ್ತು. ಪ್ರಕಟಣೆ ನೋಡಿದವರೊಬ್ಬರಿಂದ, ಸಿಡ್ನಿಯ ರೌಸ್ ಹಿಲ್‌ನಿಂದ, ಮನೆಯಲ್ಲಿದ್ದ ಯತೀಶನಿಗೆ ಫೋನು ಬಂತು.

“ಚಕ್ರಪಾಣಿ ಅಂತ. ಅನಸೂಯಾ ನಮ್ಮಕ್ಕ.”

“ಒಳ್ಳೇದಾಯ್ತು ಸಾರ್! ಕ್ಲೇಮ್ ಮಾಡಿ. ಅದು ನಿಮ್ದೇ.”

“ಹಾಗನ್ಬೇಡಿ!” ಚಕ್ರಪಾಣಿ ಕೂಗಿದ. “ಅದು ಯಾರೋ ಮಾಟ ಮಾಡ್ಸಿದ್ದು. ನನ್ನ ಮಗು ಸಾಯೋ ಹಾಗಿತ್ತು. ಅಕ್ಕ ‘ಅದು ನಂದು’ ಅಂತ ಮೇಲೆ ಹಾಕ್ಕೊಂಡ್ಲು. ಮಗು ಉಳೀತು, ಅವಳು ಸೊರಗಿ ಸೊರಗಿ ಹೋದ್ಲು. ಅವಳಿಗೆ ವಾರಸುದಾರ ಅಂತಿರೋನು ನಾನೊಬ್ನೇ. ಬೇಡ ಅಂತಿದೀನಿ. ಬಾಯಿ ಬಿಟ್ಟು ಬೇಡ ಅಂದೋರನ್ನ ಅದು ಹಿಡಿಯಲ್ಲ.” ಆಮೇಲೆ ದನಿ ತಗ್ಗಿಸಿ ಕೇಳಿದ. “ನಿಮ್ಮನೇಲಿ... ಪುಟ್ಟ ಮಕ್ಕಳಿದಾರಾ?”

“ರೀ!” ಒಳಗಿನಿಂದ ಹರ್ಷಿತಾಳ ಚೀರು.

ಯತೀಶ್ ಓಡಿದ. ದೀಪ ಮಂಕಾಗಿತ್ತು. ಕೂಸಿನ ಬಾಯಿ ತೆರೆದಿತ್ತು. ಸದ್ದಿಲ್ಲ. ಸೊಂಟದಲ್ಲಿ ಬೆಳ್ಳಿ ಮಿನುಗಿತು. ಅದೇ. ತಾನೇ ಬೀಗ ಹಾಕಿಟ್ಟಿದ್ದು. ಎಳೆದ. ಬರಲಿಲ್ಲ. ಇನ್ನೂ ಬಿಗಿಯಿತು. ಕೂಸಿನ ತುಟಿ ನೀಲಿ. ಉಸಿರಿಲ್ಲ.

“ನಂದು!” ಯತೀಶ್ ಅರಚಿದ. “ಅದು ನಂದು!”

ಕೂಸು ಕಿಟಾರನೆ ಅತ್ತಿತು. ಸೊಂಟ ಬರಿದಾಗಿತ್ತು. ಹರ್ಷಿತಾ ಕೂಸನ್ನು ಎದೆಗವಚಿಕೊಂಡು ಬಿಕ್ಕಿದಳು.

ಯತೀಶನ ಅಂಗಿಯೊಳಗೆ ಏನೋ ತಣ್ಣಗೆ ಹರಿದಾಡಿತು. ಸುತ್ತಿತು. ಬಿಗಿಯಿತು.

ಆಗ ಅವನಿಗೆ ತಾನು ಓದಿದ ಕಾನೂನು ನೆನಪಾಯಿತು. ಗಂಡಸು ಸತ್ತರೆ ಅವನದೆಲ್ಲ ಹೆಂಡತಿಗೆ, ಅವಳು ಒಲ್ಲೆನೆಂದರೆ ಮಗುವಿಗೆ. ಹರ್ಷಿತಾ ಬಾಯಿ ಬಿಟ್ಟು ಬೇಡ ಎಂದಾಳು.

ಇನ್ನೊಂದು ಸುತ್ತು ಬಿಗಿಯಿತು. ಉಸಿರು ಸಾಲದೆ ಅವನು ಮಂಡಿಯೂರಿದ. ತಾಯಿಯ ತೆಕ್ಕೆಯಿಂದ ಇಳಿಬಿದ್ದ ಪುಟ್ಟ ಕೈ ಅವನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

ಕೂಸಿಗಿನ್ನೂ ಮಾತು ಬಾರದು.