ಗೇಟಿಗೆ ಸಿಕ್ಕಿಸಿದ ಆಮಂತ್ರಣ

"ಅಮ್ಮಾ, ಅವರು ಯಾರೂ ಬರಲೇ ಇಲ್ಲ!"

ಹರ್ಷಿಣಿ ತುದಿಗಾಲಲ್ಲಿ ನಿಂತು ರಸ್ತೆಯತ್ತ ನೋಡಿದಳು. ಶಾಮಿಯಾನದ ಒಂದು ಕಡೆ ಮೀನು ಮಾರುವ ಮಹಿಳೆಯರ ಸಂಘದವರು ಕಿಕ್ಕಿರಿದಿದ್ದರು. ಸುತ್ತಲಿನ ಮನೆಯವರಿಗೆಂದು ಇಟ್ಟ ಕುರ್ಚಿಗಳಲ್ಲಿ ಕಾಗೆಯೊಂದೇ ಕುಳಿತಿತ್ತು.

ಕಟಪಾಡಿಯ ಈ ಖಾಲಿ ಜಾಗದಲ್ಲಿ ಸಂಘದವರಿಗೆ ಕಡಿಮೆ ಬೆಲೆಯ ಪುಟ್ಟ ಮನೆಗಳು ಬರಲಿದ್ದವು. ಒಂದು ಮನೆ ಹರ್ಷಿಣಿಯ ಅಮ್ಮ ಸ್ವರ್ಣಲತಾಗೆ. ಮೀನಿನವರು ಎಂದರೆ ಬಾಡಿಗೆಗೆ ಮನೆ ಕೊಡಲೂ ಜನ ಮೂಗು ಮುರಿಯುತ್ತಾರೆ, ಹಾಗಾಗಿ ಸ್ವಂತದ್ದೇ ಬೇಕಿತ್ತು. ಆದರೆ ಸುತ್ತಲಿನವರು ಪಂಚಾಯತಿಗೆ ಆಕ್ಷೇಪ ಕೊಟ್ಟಿದ್ದರು. ಇವತ್ತಿನ ಸಭೆಯಲ್ಲಿ ಅವರು ಒಪ್ಪದಿದ್ದರೆ ಮನೆಯ ಆಸೆ ಬಿಟ್ಟ ಹಾಗೆಯೇ.

ಪ್ರಚಾರವೆಲ್ಲ ಸಂಘದ ಕೆಲಸ ನೋಡಿಕೊಳ್ಳುವ ಸುಕೇಶಣ್ಣನದು. ಅವನೇನು ಕಡಿಮೆ ಮಾಡಿದ್ದನೇ? ಬಸ್ಸಿನಷ್ಟು ಉದ್ದದ ಫ್ಲೆಕ್ಸ್ ಕಟ್ಟಿಸಿದ್ದ. ವಾಟ್ಸಾಪ್‌ನಲ್ಲಿ ವೀಡಿಯೊ ಬಿಟ್ಟಿದ್ದ. ಹೊಳೆಯುವ ಆಮಂತ್ರಣಗಳನ್ನು ಹರ್ಷಿಣಿಯ ಕೈಗೆ ಕೊಟ್ಟು, "ಎಲ್ಲ ಗೇಟಿಗೂ ಒಂದೊಂದು ಸಿಕ್ಕಿಸಿ ಬಾ" ಎಂದಿದ್ದ. ಅವಳು ಹಾಗೆಯೇ ಮಾಡಿದ್ದಳು.

"ಗಾಳಿಗೆ ಹಾರಿತೋ ಏನೋ. ನೋಡಿ ಬರ್ತೇನೆ" ಎಂದು ಹರ್ಷಿಣಿ ಓಡಿದಳು.

ಪಕ್ಕದ ಮನೆಯ ವಿಠಲಜ್ಜ ಗಿಡಗಳಿಗೆ ನೀರು ಹಾಕುತ್ತಿದ್ದರು. ಆಕ್ಷೇಪಕ್ಕೆ ಮೊದಲ ಸಹಿ ಅವರದೇ. ಹರ್ಷಿಣಿ ಮೆಲ್ಲನೆ ಗೇಟು ತೆರೆದಳು.

"ಅಜ್ಜಾ, ಮೀಟಿಂಗ್ ಶುರುವಾಗ್ತದೆ. ಆಮಂತ್ರಣ ಸಿಗಲಿಲ್ವಾ?"

"ಸಿಕ್ಕಿದೆ. ಗೇಟಿನಲ್ಲಿ ಕರೆಂಟ್ ಬಿಲ್ಲಿನ ಜೊತೆ ಉಂಟು." ಅಜ್ಜ ತಲೆ ಎತ್ತಲಿಲ್ಲ. "ಮದುವೆಯಾಗಲಿ, ಪೂಜೆಯಾಗಲಿ, ಮನೆಗೆ ಬಂದು ಹೇಳಿದರೆ ಹೋಗುವುದು ನಮ್ಮ ಕ್ರಮ. ಬಾಗಿಲಿಗೇ ಬಾರದವರು ನಾಳೆ ನೆರೆಕರೆಯವರು ಆಗುವುದು ಹೇಗೆ ಮಾರಾಯ್ತಿ?"

ಹರ್ಷಿಣಿಗೆ ನಾಚಿಕೆಯಾಯಿತು. ಮಾವನ ಮದುವೆಗೆ ಹೇಳಲು ಅಮ್ಮ ಮನೆ ಮನೆ ಸುತ್ತಿ ಚಪ್ಪಲಿ ಸವೆಸಿದ್ದರು. ಈ ಸಭೆಗೆ ಮಾತ್ರ ಅದು ಯಾರಿಗೂ ಹೊಳೆದಿರಲಿಲ್ಲ.

ಅವಳು ಚಪ್ಪಲಿ ಕಳಚಿ ಜಗಲಿ ಹತ್ತಿದಳು. "ಅಜ್ಜಾ, ಈಗ ಹೇಳಲಿಕ್ಕೇ ಬಂದಿದ್ದೇನೆ. ನೀವು, ಅಜ್ಜಿ, ಇಬ್ಬರೂ ಖಂಡಿತ ಬರಬೇಕು."

ಅಜ್ಜ ಕೊಡ ಕೆಳಗಿಟ್ಟರು. ಒಳಗಿನಿಂದ ಅಜ್ಜಿ ಬೆಲ್ಲ, ನೀರು ತಂದರು.

"ಕೂತುಕೋ. ನೀವೆಲ್ಲ ಬಂದರೆ ನಮ್ಮ ಬಾವಿ ಬತ್ತುವುದಿಲ್ವಾ? ಅದೇ ನನಗೆ ಹೆದರಿಕೆ" ಎಂದರು ಅಜ್ಜ.

"ನನಗೆ ಗೊತ್ತಿಲ್ಲ ಅಜ್ಜಾ. ಅಲ್ಲಿ ಬಂದು ಕೇಳಿ. ಅದಕ್ಕೇ ಮೀಟಿಂಗ್ ಅಲ್ವಾ?"

ಅಜ್ಜ ನಕ್ಕುಬಿಟ್ಟರು. "ಹುಷಾರಿದ್ದಿ ನೀನು. ಆಚೆ ಮನೆಯ ವೆರೊನಿಕಾ ಬಾಯಿಗೂ ಹೇಳು. ನಾನು ಅಂಗಿ ಹಾಕಿ ಬರ್ತೇನೆ."

ಹರ್ಷಿಣಿ ಓಡಿ ಬಂದು ವಿಷಯ ಹೇಳಿದ್ದೇ ತಡ, ಅಮ್ಮನೂ ಸಂಘದ ಹೆಂಗಸರೂ ಮನೆಮನೆಗೆ ಹೊರಟರು. ಸುಕೇಶಣ್ಣ ಮೈಕ್ ಬಿಟ್ಟು ಅವರ ಹಿಂದೆ ಓಡಿದ. ಸಭೆ ತಡವಾಯಿತು, ಆದರೆ ಕುರ್ಚಿ ಸಾಲಲಿಲ್ಲ.

ಅಜ್ಜ ಎದ್ದು ಬಾವಿಯ ಮಾತನ್ನೇ ಕೇಳಿದರು.

"ಈ ಮನೆಗಳಿಗೆ ಪಂಚಾಯತಿನ ನಳ್ಳಿ ನೀರು. ಇಲ್ಲಿ ಬೋರ್‌ವೆಲ್ ಕೊರೆಯುವುದಿಲ್ಲ" ಎಂದರು ಮನೆ ಕಟ್ಟಿಸಲು ಬಂದಿದ್ದ ಇಂಜಿನಿಯರ್.

"ಇದನ್ನು ಮೊದಲೇ ಬಂದು ಹೇಳಬಾರದಿತ್ತಾ? ಹಾಗಾದರೆ ನನ್ನ ಆಕ್ಷೇಪ ಇಲ್ಲ."

ಉಳಿದವರೂ ಒಬ್ಬೊಬ್ಬರಾಗಿ ತಲೆಯಾಡಿಸಿದರು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಉಸ್ಸಪ್ಪಾ ಎಂದು ನಗುತ್ತ ಕುಳಿತುಬಿಟ್ಟರು. ಅವರು ಅಷ್ಟು ಹಗುರವಾಗಿ ನಕ್ಕದ್ದನ್ನು ಹರ್ಷಿಣಿ ಎಷ್ಟೋ ದಿನಗಳಿಂದ ಕಂಡಿರಲಿಲ್ಲ.

ಜನ ಚದುರಿದ ಮೇಲೂ ಹರ್ಷಿಣಿ ಖಾಲಿ ಜಾಗದ ನಡುವೆ ನಿಂತು ಬೇಲಿಯಾಚೆ ನೋಡುತ್ತಿದ್ದಳು.

"ಎಂತ ನೋಡುವುದು ನೀನು?" ಅಮ್ಮ ಕೇಳಿದರು.

"ನಮ್ಮ ಬಾಗಿಲು ಯಾವ ಕಡೆಗೆ ಅಮ್ಮಾ? ಅಜ್ಜನ ಜಗಲಿ ಕಾಣುವ ಹಾಗೆ ಇಡಲಿಕ್ಕೆ ಆಗ್ತದಾ?"