ಮಲಗಿದವರ ಹಲಗೆ

ಜೋಗುಳಪ್ಪ ಕೊನೆಗೂ ಮಲಗಿದ ಅಂತ ಎಲ್ಲರಿಗೂ ಸಮಾಧಾನವಾಗಿತ್ತು. ಪಾಪ, ಅವನು ಆ ಹೊತ್ತಿನಲ್ಲಿ ಸಾಯುತ್ತಿದ್ದ.

ಹೆಣ ಕಂಡವನು ಅವನ ಹೆಂಡತಿಯ ತಮ್ಮ, ಅವನು ಕೆಲಸ ಮಾಡುತ್ತಿದ್ದ ಸ್ಥಾವರದಲ್ಲೇ ಪಂಪ್ ಆಪರೇಟರ್. ಮಧ್ಯಾಹ್ನ ನಿದ್ದೆ ಮುಗಿಸಿ ಎದ್ದವನು ಮುಖಕ್ಕೆ ನೀರು ಚಿಮುಕಿಸಿಕೊಂಡು ಕಡಲ ನೀರಿನ ಪಂಪುಗಳಿರುವ ಗುಂಡಿಯ ಕಡೆಗೆ ಹೊರಟ. ಗುಂಡಿಗೊಂದು ದಪ್ಪ ಉಕ್ಕಿನ ಬಾಗಿಲು, ಎಲ್ಲರ ಬಾಯಲ್ಲೂ ಅದು ಕಡಲ ಬಾಗಿಲು. ಹೊರಗಿನ ಕಬ್ಬಿಣದ ಚಿಲಕದ ಕೀಲು ಎಳೆದ. ಚಕ್ರ ತಿರುಗಿಸಿದ. ಕೆಳಗೆ ಬಗ್ಗಿ ನೋಡಿದ. ಕಬ್ಬಿಣದ ಏಣಿಯ ಬುಡದಲ್ಲಿ ಭಾವ ಅಂಗಾತ ಬಿದ್ದಿದ್ದ.

ಅದು ಅಣು ವಿದ್ಯುತ್ ಸ್ಥಾವರ. ಚಂಡಮಾರುತದ ಸುದ್ದಿ ಬಂದ ಕೂಡಲೇ ರಿಯಾಕ್ಟರ್ ನಿಲ್ಲಿಸಿದ್ದರು. ಆದರೆ ಒಲೆ ಆರಿಸಿದ ಮಾತ್ರಕ್ಕೆ ಕೆಂಡ ಆರುತ್ತದೆಯೇ? ಕಡಲ ನೀರೆಳೆದು ತಣಿಸುತ್ತಲೇ ಇರಬೇಕು. ಹೊರಗೆ ರಸ್ತೆ ಮುಳುಗಿ ಬದಲಿ ತಂಡ ಆಚೆ ದಡದಲ್ಲೇ ಉಳಿದಿತ್ತು. ಒಳಗೆ ಸಿಕ್ಕಿಕೊಂಡವರೇ ಎಲ್ಲ ಹೊರಬೇಕು. ಇಂಥ ಹೊತ್ತಿನಲ್ಲಿ ಕೆಲಸದ ಗಂಟೆಗಳ ಮಿತಿ ಸಡಿಲಿಸಬಹುದು ಅಂತ ನಿಯಮವಿದೆ. ನಿದ್ದೆಯನ್ನೂ ಸಡಿಲಿಸಬಹುದು ಅಂತ ಮಾತ್ರ ಯಾವ ನಿಯಮದಲ್ಲೂ ಇಲ್ಲ. ಆ ನಿದ್ದೆಯ ಉಸ್ತುವಾರಿ ನೋಡುತ್ತಿದ್ದವನೇ ನಮ್ಮ ಜೋಗುಳಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ದೊಡ್ಡ ದೊಡ್ಡ ಗಂಡಸರನ್ನೆಲ್ಲ ಕೈಹಿಡಿದು ಎಳೆದೊಯ್ದು ಮಲಗಿಸುತ್ತಿದ್ದವನನ್ನು ಜನ ಇನ್ನೇನಂತ ಕರೆಯುತ್ತಾರೆ?

ಅವನ ಪದ್ಧತಿ ಸರಳ. ಪ್ರತಿಯೊಬ್ಬರಿಗೂ ಒಂದು ಹಿತ್ತಾಳೆ ಬಿಲ್ಲೆ. ಗುಂಡಿಗೆ ಇಳಿಯುವವರು ಅದನ್ನು ಬಾಗಿಲ ಹೊರಗಿನ ಕೊಕ್ಕೆಗೆ ತೂಗುಹಾಕಬೇಕು. ಕೊಕ್ಕೆಯಲ್ಲಿ ಬಿಲ್ಲೆ ಇದ್ದರೆ ಒಳಗೆ ಆಳಿದ್ದಾರೆ, ಕೀಲು ಹಾಕಬಾರದು ಅಂತ ಅರ್ಥ. ಮಲಗುವವರು ಮಲಗುವ ಕೋಣೆಯ ಹಲಗೆಗೆ ಹಾಕಬೇಕು. ಅಲ್ಲಿ ಬಿಲ್ಲೆ ಇದ್ದರೆ ದೇವರೇ ಬಂದರೂ ಎಬ್ಬಿಸುವಂತಿಲ್ಲ.

ಬೆಳಿಗ್ಗೆಯಿಂದ ಆ ಹಲಗೆಯಲ್ಲಿ ಜೋಗುಳಪ್ಪನ ಬಿಲ್ಲೆಯೇ ತೂಗುತ್ತಿತ್ತು. ಅವನ ಮಂಚ ಮೂಲೆಯಲ್ಲಿ, ಪರದೆಯ ಹಿಂದೆ. ಅಂತೂ ಪುಣ್ಯಾತ್ಮ ಒರಗಿದನಲ್ಲ ಅಂತ ಎಲ್ಲರೂ ಅದರ ಪಕ್ಕದಲ್ಲಿ ತುದಿಗಾಲಲ್ಲಿ ಓಡಾಡಿದ್ದರು.

* * *

ಸ್ಥಾವರದ ಗೇಟಿನ ಪೊಲೀಸ್ ಠಾಣೆಗೆ ಒಬ್ಬ ಇನ್ಸ್‌ಪೆಕ್ಟರಮ್ಮ. ಠಾಣೆಗೆ ನೀರು ನುಗ್ಗಿ, ಆಕೆಯೂ ಒಬ್ಬ ಪೇದೆಯೂ ಒಳಗೇ ಸಿಕ್ಕಿಕೊಂಡಿದ್ದರು. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಹೆಂಗಸು. ಆದರೆ ಸಿಟ್ಟು ಬಂದಷ್ಟೂ ದನಿ ಸಣ್ಣದಾಗುತ್ತಿತ್ತು. ಪೇದೆ ಹೆದರುತ್ತಿದ್ದದ್ದು ಆ ಸಣ್ಣ ದನಿಗೆ.

ಡೈರೆಕ್ಟರ್ ಸಾಹೇಬರು ಗುಂಡಿಯ ಬಾಯಲ್ಲೇ ಕಾರಣ ಸಿದ್ಧ ಇಟ್ಟುಕೊಂಡು ನಿಂತಿದ್ದರು. ಆಯಾಸ ಮೇಡಂ, ಬರೀ ಆಯಾಸ, ಊರನ್ನೆಲ್ಲ ಮಲಗಿಸಿ ತಾನು ಮಲಗಲಿಲ್ಲ, ಕಾಲು ಜಾರಿದೆ ಅಂದರು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂತ ಹಿಂದಿನಿಂದ ಯಾರೋ ಗೊಣಗಿದರು. ಮಲಗಲು ಹೋದವನು ನಡುವೆ ಎದ್ದು ಬಂದು, ನಿದ್ದೆಗಣ್ಣಲ್ಲಿ ಬಿಲ್ಲೆ ಮರೆತಿದ್ದಾನೆ ಅಂತ ಇನ್ನೊಬ್ಬರು ಸೇರಿಸಿದರು.

ಇನ್ಸ್‌ಪೆಕ್ಟರಮ್ಮನಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಬಿಲ್ಲೆಯ ಕಾನೂನು ಮಾಡಿದವನೇ ಬಿಲ್ಲೆ ಮರೆಯುತ್ತಾನೆಯೇ?

ಸ್ಥಾವರದ ಡಾಕ್ಟರು ಆಕೆಯನ್ನು ಪಕ್ಕಕ್ಕೆ ಕರೆದರು. ಪೆಟ್ಟು ತಲೆಯ ಹಿಂಭಾಗಕ್ಕೆ, ಅಂದರೆ ಬೆನ್ನು ಹಿಂದಾಗಿ ಬಿದ್ದಿದ್ದಾನೆ.

"ಬಿದ್ದ ತಕ್ಷಣ ಹೋಗಿಲ್ಲ," ಅಂದರು ಡಾಕ್ಟರು. "ಅಂಗೈ ತುಂಬ ಏಣಿಯ ತುಕ್ಕು. ಹತ್ತೋಕೆ ನೋಡಿದ್ದಾನೆ. ಕೂಗಿಯೂ ಇರಬಹುದು."

ಆಕೆ ಪಂಪುಗಳ ಗದ್ದಲಕ್ಕೆ ಕಿವಿಗೊಟ್ಟಳು. ಆ ಸದ್ದಿನಲ್ಲಿ ಗುಂಡಿಯ ಬಾಯಲ್ಲಿ ನಿಂತವರಿಗಲ್ಲದೆ ಯಾರಿಗೂ ಕೂಗು ಕೇಳದು.

ಹೊರಗೆ ಗಾಳಿ ನಿಂತಿತ್ತು. ಅದೇನೂ ಒಳ್ಳೆಯ ಲಕ್ಷಣವಲ್ಲ. ಚಂಡಮಾರುತದ ಅರ್ಧ ಮಾತ್ರ ದಾಟಿತ್ತು, ಉಳಿದರ್ಧ ಸಂಜೆಯೊಳಗೆ ತಿರುಗಿ ಬರುತ್ತದೆ ಅಂತ ಹವಾಮಾನದವರು ಹೇಳಿದ್ದರು. ಆಕಾಶ ಹಳದಿಗಟ್ಟಿತ್ತು, ಒಂದು ಹಕ್ಕಿಯೂ ಕಾಣುತ್ತಿರಲಿಲ್ಲ.

* * *

ಪಂಪಿನವನು ಊಟದ ಕೋಣೆಯ ಬೆಂಚಿನ ತುದಿಯಲ್ಲಿ ಕೂತಿದ್ದ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ತನಗೇ ಕೆಟ್ಟದಾಗುವ ಉತ್ತರಗಳನ್ನೂ ಕೊಟ್ಟ.

ಮೂರು ಪಂಪುಗಳಲ್ಲಿ ಒಂದು ನಿನ್ನೆ ಸುಟ್ಟುಹೋಗಿತ್ತು. ಪಂಪು ಓಡುತ್ತಿರುವಾಗಲೇ ಯಾರೋ ಅದರ ವಾಲ್ವ್ ಮುಚ್ಚಿದ್ದರು. ವಾಲ್ವಿಗೆ ಸರಪಳಿ, ಸರಪಳಿಗೆ ಬೀಗ. ಕೀಲಿಕೈ ಇದ್ದದ್ದು ಇಬ್ಬರ ಹತ್ತಿರ, ಶಿಫ್ಟ್ ಇನ್‌ಚಾರ್ಜ್ ಒಬ್ಬರು, ಇವನೊಬ್ಬ. ಶಿಫ್ಟ್ ಇನ್‌ಚಾರ್ಜ್ ಅಂದರೆ ಕಂಟ್ರೋಲ್ ರೂಮಿನ ಯಜಮಾನರು. ಅವರ ಮೇಲೆ ಯಾರೂ ಬೆರಳು ತೋರಿಸುವುದಿಲ್ಲ. ಬೆರಳೆಲ್ಲ ಇವನ ಕಡೆಗೇ ತಿರುಗಿತು. ಇವತ್ತು ಬೆಳಿಗ್ಗೆ ಇದೇ ಕೋಣೆಯಲ್ಲಿ, ಎಲ್ಲರೆದುರು, ಭಾವ ಇವನನ್ನು ಕೆಲಸದಿಂದ ಇಳಿಸಿ ಮಲಗಲು ಕಳಿಸಿದ್ದ. ಇವನು ಉರಿದುಬಿದ್ದಿದ್ದ. ಎಲ್ಲರನ್ನೂ ಮಲಗಿಸ್ತೀರಲ್ಲ ಭಾವ, ನಿಮ್ಮನ್ನ ಮಲಗಿಸೋರೂ ಒಬ್ಬರು ಬರ್ತಾರೆ ಅಂದಿದ್ದ. ಕೇಳಿಸಿಕೊಳ್ಳದವರು ಯಾರೂ ಇರಲಿಲ್ಲ.

"ವಾಲ್ವ್ ನೀನು ಮುಚ್ಚಿದ್ಯಾ?"

"ಇಲ್ಲ ಅನ್ಸುತ್ತೆ ಮೇಡಂ. ಅಷ್ಟು ನಿದ್ದೆಗೆಟ್ಟಿದ್ದೆ, ಏನು ಮಾಡಿದೆ ಏನು ಬಿಟ್ಟೆ ನನಗೇ ಗೊತ್ತಿಲ್ಲ."

"ಬಾಗಿಲು?"

"ಹೊರಗಿಂದ ಕೀಲು ಹಾಕಿತ್ತು. ನಾನೇ ಎಳೆದೆ." ಅವನು ತನ್ನ ಕೈ ನೋಡಿಕೊಂಡ. "ಅಕ್ಕನಿಗೆ ಏನಂತ ಹೇಳಲಿ ಮೇಡಂ? ಬೈದು ಮಲಗಿದೆ ಅಂತ ಹೇಳಲಾ?"

ಬಾಗಿಲ ಬಳಿ ನಿಂತಿದ್ದ ಡೈರೆಕ್ಟರ್ ಸಾಹೇಬರ ಮುಖದಲ್ಲಿ ಬಣ್ಣ ಬದಲಾಯಿತು. ಹೊರಗಿಂದ ಕೀಲು ಹಾಕಿದ್ದರೆ ಇದು ಅಪಘಾತವಲ್ಲ. ಅಪಘಾತವಲ್ಲದಿದ್ದರೆ ಕೊಲೆಗಾರ ಇಲ್ಲೇ ಕೂತಿದ್ದಾನಲ್ಲ, ಒಂದು ಕೋಣೆಗೆ ಹಾಕಿ ಬೀಗ ಜಡಿಯಿರಿ ಅಂದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುವ ಜಾತಿಯ ಮನುಷ್ಯ.

ಆದರೆ ಇಲ್ಲಿ ಕೋಲು ಮುರಿಯುತ್ತಿತ್ತು. ಉಳಿದ ಎರಡು ಪಂಪುಗಳ ಮೈ ಬಲ್ಲವನು ಇವನೊಬ್ಬನೇ. ಸಂಜೆ ಗಾಳಿ ತಿರುಗಿದಾಗ ಇವನು ಬೀಗದೊಳಗಿದ್ದರೆ ಪಂಪುಗಳನ್ನು ಕಾಯುವವರು ಯಾರು? ಬಿಟ್ಟರೆ, ನಿಜಕ್ಕೂ ಇವನೇ ಕೊಲೆಗಾರನಾಗಿದ್ದರೆ? ಇನ್ಸ್‌ಪೆಕ್ಟರಮ್ಮ ಅಡಕತ್ತರಿಯಲ್ಲಿ ಸಿಕ್ಕಿಕೊಂಡಳು. ಗಾಳಿ ಬರುವುದರೊಳಗೆ ಸರಿಯಾದವನ ಕೈಗೇ ಕೋಳ ಬೀಳಬೇಕು. ತಪ್ಪಿದರೆ ಸಾಯುವವರು ಒಬ್ಬಿಬ್ಬರಲ್ಲ.

ಅವಳಿಗೆ ಒಂದು ವಿಷಯ ಮಾತ್ರ ಕಚ್ಚಿಕೊಂಡಿತು. ತಾನು ಕೇಳಿದ್ದು ಬಾಗಿಲಷ್ಟೇ, ಕೀಲಿನ ಮಾತು ತೆಗೆದವನು ಇವನೇ. ಬಾಗಿಲು ತೆರೆದೇ ಇತ್ತು ಅಂದಿದ್ದರೆ ಇವನು ಬಚಾವಾಗುತ್ತಿದ್ದ. ಕೊಂದವನು ತನ್ನ ಉರುಳನ್ನು ತಾನೇ ಹೆಣೆದು ಕೊಡುತ್ತಾನೆಯೇ?

* * *

ಕಂಟ್ರೋಲ್ ರೂಮಿನ ಗೋಡೆ ತುಂಬ ದೀಪಗಳು. ನಡುವೆ ಯಜಮಾನರ ಕುರ್ಚಿ. ಚಂಡಮಾರುತ ಶುರುವಾದಾಗಿನಿಂದ ಅವರು ಆ ಕುರ್ಚಿ ಬಿಟ್ಟಿಲ್ಲ, ಅವರಿರೋದಕ್ಕೆ ನಾವು ಬದುಕಿದ್ದೀವಿ ಅಂತ ಎಲ್ಲರೂ ಹೇಳುತ್ತಿದ್ದರು. ಕಣ್ಣು ಕೆಂಪಗೆ, ಗಡ್ಡ ಬೆಳ್ಳಗೆ, ದನಿ ಮಾತ್ರ ಕಂಚು. ಬೆಳಿಗ್ಗೆ ಒಮ್ಮೆ ಮುಖ ತೊಳೆಯಲು ಎದ್ದಿದ್ದೆ, ಅಷ್ಟೇ, ಕಡಲ ಕಡೆ ಹೋಗಿ ಎರಡು ದಿನವಾಯಿತು ಅಂದರು. ಜೋಗುಳಪ್ಪನ ಸುದ್ದಿಗೆ ನಿಟ್ಟುಸಿರು ಬಿಟ್ಟರು. ಒಳ್ಳೆಯ ಮನುಷ್ಯ, ಹೀಗಾಗಬಾರದಿತ್ತು.

ಪ್ಯಾನೆಲ್ ಮುಂದೆ ಕೂತಿದ್ದ ಆಪರೇಟರ್ ಹೆಂಗಸಿಗೆ ಗಿಣಿಯಕ್ಕ ಅಂತ ಅಡ್ಡಹೆಸರು. ಆ ಕೋಣೆಯಲ್ಲಿ ಯಾರು ಏನು ಹೇಳಿದರೂ ಕೇಳಿದವರು ಅದನ್ನೇ ತಿರುಗಿ ಹೇಳಬೇಕು, ತಪ್ಪು ಕೇಳಿಸಿರಬಾರದಲ್ಲ. ಗಿಣಿಯಕ್ಕನಿಗೆ ಅದು ರಕ್ತದಲ್ಲೇ ಇಳಿದಿತ್ತು. ನನಗೆ ಕಾಫಿ ಬೇಡ ಅಂತ ಇನ್ಸ್‌ಪೆಕ್ಟರಮ್ಮ ಅಂದರೆ, "ಕಾಫಿ ಬೇಡ, ಸರಿ," ಅಂದಳು.

ಬೆಳಿಗ್ಗೆ ಗುಂಡಿಯ ಬಾಗಿಲಿನ ದೀಪ ಕೆಂಪಾಗಿತ್ತಂತೆ. ಅಂದರೆ ಯಾರೋ ತೆರೆದಿದ್ದರು. ಆಮೇಲೆ ಹಸಿರಾಯಿತು. ಆಗ ಯಜಮಾನರು ಕುರ್ಚಿಯಲ್ಲಿರಲಿಲ್ಲ. ತಿರುಗಿ ಬಂದ ಮೇಲೆ ಏನಾದರೂ ಹೇಳಿದರಾ ಅಂತ ಇನ್ಸ್‌ಪೆಕ್ಟರಮ್ಮ ಅವಳನ್ನು ಪಕ್ಕಕ್ಕೆ ಕರೆದು ಕೇಳಿದಳು.

"ಇಲ್ಲ ಮೇಡಂ. ಬಂದ್ರು, ಕೂತ್ರು. ಮಾಮೂಲಿ ಮಾತು ಅಷ್ಟೇ."

ಇನ್ಸ್‌ಪೆಕ್ಟರಮ್ಮ ತಲೆಯಾಡಿಸಿ ಹೊರಬಂದಳು.

* * *

ಹೊರಗೆ ಪಂಪಿನವನನ್ನು ಹಿಡಿದುಕೊಂಡು ಪೇದೆ ನಿಂತಿದ್ದ. ಕೋಣೆಗೆ ಹಾಕುವ ಮೊದಲು ಮಲಗುವ ಕೋಣೆಯ ಹಲಗೆಯನ್ನೊಮ್ಮೆ ನೋಡೋಣ ಅಂತ ಮೂವರೂ ನಡೆದರು. ದಾರಿಯಲ್ಲಿ ಇನ್ನೊಂದು ಉಕ್ಕಿನ ಬಾಗಿಲು. ಆಕೆ ದಾಟಿದಳು, ಪೇದೆ ದಾಟಿದ. ಹಿಂದೆ ಬಂದ ಪಂಪಿನವನು ಬಾಗಿಲೆಳೆದು ಚಕ್ರ ತಿರುಗಿಸಿ, ಕೀಲು ಹಾಕಿ, ಎರಡು ಸಲ ಜಗ್ಗಿ ನೋಡಿ, "ನಡುಬಾಗಿಲು ಮುಚ್ಚಿದೆ," ಅಂದ.

ಆಕೆ ಗಕ್ಕನೆ ನಿಂತಳು.

"ಯಾರಿಗೆ ಹೇಳಿದೆ?"

"ಏನನ್ನ ಮೇಡಂ?"

"ಈಗ ಹೇಳಿದ್ಯಲ್ಲ."

"ನಾನಾ? ನಾನೇನೂ ಹೇಳಲಿಲ್ಲವಲ್ಲ."

ಪೇದೆ ನಕ್ಕ. ಪಂಪಿನವನು ನಿಜಕ್ಕೂ ಗಲಿಬಿಲಿಗೊಂಡು ಇಬ್ಬರ ಮುಖ ನೋಡಿದ. ಕೊಲೆಯ ಆರೋಪ ತಲೆಯ ಮೇಲಿದೆ, ಕಣ್ಣಲ್ಲಿ ನೀರಿದೆ, ಆದರೂ ಕೈ ತನ್ನ ಪಾಡಿಗೆ ಬಾಗಿಲು ಮುಚ್ಚಿತ್ತು, ಬಾಯಿ ತನ್ನ ಪಾಡಿಗೆ ವರದಿ ಒಪ್ಪಿಸಿತ್ತು.

ಬಾಗಿಲು ಮುಚ್ಚಿದವರು ಮುಚ್ಚಿದೆ ಅಂತ ಒಪ್ಪಿಸುವುದು ಇಲ್ಲಿ ಎಲ್ಲರ ಅಭ್ಯಾಸ. ಮಾಮೂಲಿ ಮಾತು ಅಷ್ಟೇ ಅಂದಿದ್ದಳಲ್ಲ ಗಿಣಿಯಕ್ಕ. ದೂರದಲ್ಲಿ ಗಾಳಿ ಮತ್ತೆ ಊಳಿಡಲು ಶುರುವಾಯಿತು.

"ತಿರುಗಿ ನಡೀರಿ," ಅಂದಳು. ದನಿ ತುಂಬ ಸಣ್ಣದಾಗಿತ್ತು. ಪೇದೆ ನಗು ನುಂಗಿಕೊಂಡ.

* * *

ಕಂಟ್ರೋಲ್ ರೂಮಿಗೆ ಡೈರೆಕ್ಟರನ್ನೂ ಡಾಕ್ಟರನ್ನೂ ಕರೆಸಿದಳು. ಯಜಮಾನರು ಕುರ್ಚಿಯಲ್ಲೇ ಇದ್ದರು.

"ಗಿಣಿಯಕ್ಕ, ದೀಪ ಕೆಂಪಾಗಿದ್ದನ್ನ ಯಜಮಾನರಿಗೆ ಹೇಳಿದ್ರಾ?"

"ಹೇಳಬೇಕು ಅಂತಿದ್ದೆ ಮೇಡಂ. ಅಷ್ಟರಲ್ಲಿ..." ಗಿಣಿಯಕ್ಕ ತಡೆದಳು.

"ಅಷ್ಟರಲ್ಲಿ ಅವರು ಬಂದ್ರು. ಅವರ ಮಾತಿಗೆ ನೀವು ತಿರುಗಿ ಏನು ಹೇಳಿದ್ರಿ? ಅವರ ಮಾತು ಬಿಡಿ, ನಿಮ್ಮ ಮಾತು ನೆನಪು ಮಾಡ್ಕೊಳ್ಳಿ."

ಗಿಣಿಯಕ್ಕನ ತುಟಿ ಮೊದಲು ಅಲುಗಿತು, ಅರ್ಥ ಆಮೇಲೆ ತಲೆಗೇರಿತು. "ಕಡಲ ಬಾಗಿಲು ಮುಚ್ಚಿದೆ, ಸರಿ," ಅಂದವಳೇ ಬಾಯಿ ಮುಚ್ಚಿಕೊಂಡಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಹಾಗೆ ಒಪ್ಪಿಸಿಬಿಟ್ಟಿದ್ದಳು. ಮುಖ ತೊಳೆಯಲು ಹೋದವರಿಗೆ ಕಡಲ ಬಾಗಿಲು ಹೇಗೆ ಗೊತ್ತು ಅಂತ ಆಗ ಹೊಳೆಯಲೇ ಇಲ್ಲ. ಹೇಳಿದವರಿಗೂ ಹೇಳಿದ್ದು ಗೊತ್ತಿರಲಿಲ್ಲ.

ಇನ್ಸ್‌ಪೆಕ್ಟರಮ್ಮ ಬಿಡಿಸಿಟ್ಟಳು. ಕೊಕ್ಕೆಯಲ್ಲಿದ್ದ ಜೋಗುಳಪ್ಪನ ಬಿಲ್ಲೆಯನ್ನು ಕೊಂದವನೇ ತೆಗೆದು ಹಲಗೆಗೆ ಹಾಕಿದ, ಯಾರೂ ಹುಡುಕಬಾರದು ಅಂತ. ಅಷ್ಟರ ಮಟ್ಟಿಗೆ ತಲೆ ಓಡಿಸಿದ. ಆದರೆ ಅಪಘಾತ ಅನ್ನಿಸಬೇಕಾದರೆ ಬಾಗಿಲನ್ನು ತೆರೆದಿಟ್ಟು ಬರಬೇಕಿತ್ತು. ಅದೊಂದು ಅವನ ಕೈಯಿಂದ ಆಗಲಿಲ್ಲ. ನಿದ್ದೆಗೆಟ್ಟ ಮೈಗೆ ಉಳಿಯುವುದು ಅಭ್ಯಾಸ ಒಂದೇ. ಕೈ ಕೀಲು ಹಾಕಿತು, ಬಾಯಿ ಬಂದು ವರದಿ ಕೊಟ್ಟಿತು.

ಯಜಮಾನರು ವಾದಿಸಲಿಲ್ಲ.

"ವಾಲ್ವ್ ಮುಚ್ಚಿದ್ದು ನಾನೇ ಅಂತೆ," ಅಂದರು. "ನನಗೆ ನೆನಪೇ ಇಲ್ಲ. ಜೋಗುಳಪ್ಪ ಕೆಳಗೆ ಕರ್ಕೊಂಡು ಹೋಗಿ ತೋರಿಸಿದ. ಬೀಗದಲ್ಲಿ ನನ್ನ ಕೀಲಿಕೈ ಹಾಗೇ ಇತ್ತು. ಭಾವಮೈದನ್ನ ಮಲಗಿಸಿ ಬಂದಿದ್ದೀನಿ, ಈಗ ನಿಮ್ಮ ಸರದಿ, ಕುರ್ಚಿ ಬಿಡಿ ಅಂದ. ಏಣಿ ಹತ್ತಿ ಮೇಲೆ ಬಂದ್ವಿ, ಮತ್ತೆ ಅದನ್ನೇ ಅಂದ. ನನಗೆ ಕುರ್ಚಿ ಬಿಡಿ ಅಂತ ಯಾರೂ ಅಂದಿರಲಿಲ್ಲ. ತಳ್ಳಿಬಿಟ್ಟೆ."

"ಬಿದ್ದ ಮೇಲೆ ಉಸಿರಾಡ್ತಿದ್ರಾ?"

ಯಜಮಾನರು ತಲೆಯಾಡಿಸಿದರು.

"ನನ್ನ ಹೆಸರು ಹಿಡಿದು ಕರೆದ."

"ಆದ್ರೂ ಬಾಗಿಲು ಮುಚ್ಚಿದ್ರಿ."

ಯಜಮಾನರು ಆಕೆಯ ಕಡೆ ಅಚ್ಚರಿಯಿಂದ ನೋಡಿದರು, ಇಷ್ಟೂ ಗೊತ್ತಿಲ್ಲವೇ ಅನ್ನುವಂತೆ. "ನೀರು ನುಗ್ಗುತ್ತಲ್ಲಮ್ಮ. ಇಂಥ ಗಾಳೀಲಿ ಆ ಬಾಗಿಲು ತೆರೆದಿಟ್ಟು ಬರೋಕಾಗುತ್ತಾ?"

* * *

ಕುರ್ಚಿ ಖಾಲಿಯಾಯಿತು. ಅದರಲ್ಲಿ ಕೂರಬೇಕಾದ ಎರಡನೇ ಇನ್‌ಚಾರ್ಜರ ಬಿಲ್ಲೆ ಹಲಗೆಯಲ್ಲಿತ್ತು. ಎಬ್ಬಿಸುವ ಅಧಿಕಾರ ಇದ್ದವನು ಪರದೆಯ ಹಿಂದೆ ತನ್ನ ಮಂಚದಲ್ಲೇ ಬಿಳಿ ಬಟ್ಟೆಯಡಿ ಮಲಗಿದ್ದ. ಡೈರೆಕ್ಟರ್ ಸಾಹೇಬರು ಕೈ ಹೊಸಕಿಕೊಂಡರು.

ಪಂಪಿನವನೇ ಹೋದ. ಭಾವ ಮಾಡುತ್ತಿದ್ದ ಹಾಗೇ ಮೆಲ್ಲಗೆ ಭುಜ ಮುಟ್ಟಿ ಎಬ್ಬಿಸಿದ, ಮುಖ ತೊಳೆಸಿದ, ಬಿಸಿ ಕಾಫಿ ಕೈಗಿಟ್ಟ, ನಡೆದದ್ದನ್ನೆಲ್ಲ ಹೇಳಿ ತಿರುಗಿ ಹೇಳಿಸಿಕೊಂಡ. ಗಾಳಿ ಗೋಡೆಗಳನ್ನು ಗುದ್ದುತ್ತಿತ್ತು. ಆದರೂ ಅವಸರ ಮಾಡಲಿಲ್ಲ.

ಯಜಮಾನರು ಬೀಗ ಹಾಕಿದ ಕೋಣೆಯಲ್ಲಿ ಕೂತ ಕೂತಲ್ಲೇ ನಿದ್ದೆ ಹೋಗಿದ್ದರು. ಗೊರಕೆ ಹೊರಗೆ ಕೇಳುತ್ತಿತ್ತು. ಆ ನಿದ್ದೆಯನ್ನು ಬೆಳಿಗ್ಗೆಯೇ ಮಾಡಿದ್ದರೆ ಒಬ್ಬ ಮನುಷ್ಯ ಉಳಿಯುತ್ತಿದ್ದ. ಇನ್ಸ್‌ಪೆಕ್ಟರಮ್ಮನಿಗೆ ಬಾಗಿಲು ಬಡಿದು ಎಬ್ಬಿಸಬೇಕು ಅನ್ನಿಸಿತು. ಎಬ್ಬಿಸಲಿಲ್ಲ.

ಗುಂಡಿಗೆ ಹೊರಟ ಪಂಪಿನವನು ಆಕೆಯ ಎದುರು ಕೈ ಚಾಚಿದ. ಸಾಕ್ಷಿಗೆಂದು ತೆಗೆದಿಟ್ಟಿದ್ದ ಭಾವನ ಬಿಲ್ಲೆ ಆಕೆಯ ಜೇಬಿನಲ್ಲಿತ್ತು. ಸಾಕ್ಷಿಯನ್ನು ಹಾಗೆ ಕೊಡಬಾರದು. ಆಕೆ ಕೊಟ್ಟಳು.

"ಅಕ್ಕನಿಗೆ ನಾನೇ ಹೇಳ್ತೀನಿ," ಅಂದ. "ಕಡೇ ಕೆಲಸ ಅಂತ ನನ್ನನ್ನ ಮಲಗಿಸಿ ಹೋದ್ರು ಅಂತ."

ಬಿಲ್ಲೆಯನ್ನು ಮತ್ತೆ ಹಲಗೆಗೆ ತೂಗುಹಾಕಿ ಪಂಪುಗಳ ಕಡೆ ನಡೆದ. ಆ ಸಂಜೆ ಸ್ಥಾವರ ಬುಡದಿಂದ ನಡುಗಿತು, ಜನ ಅತ್ತಿಂದಿತ್ತ ಓಡಾಡಿದರು. ಆ ಪರದೆಯ ಹತ್ತಿರ ಬಂದಾಗ ಮಾತ್ರ ಎಲ್ಲರೂ ತುದಿಗಾಲಲ್ಲಿ ನಡೆದರು.